ಗಿಟಾರ್ ಮಾರುವ ಮುನ್ನ ಗೀರು ಮುಚ್ಚಿಸಬೇಕೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಮಗಳಿಗೆಂದು ಯಮಹಾ ಎಫ್‌310 ಗಿಟಾರನ್ನು 9,500 ರೂಪಾಯಿಗೆ ಕೊಂಡಿದ್ದೆವು. ಅವಳು ಓದಲು ಬೆಂಗಳೂರಿಗೆ ಹೋದ ಮೇಲೆ ಅದನ್ನು ಮುಟ್ಟುವವರಿಲ್ಲ. ಒಮ್ಮೆ ಬಿದ್ದು ಕೆಳಗಿನ ಅಂಚಿನಲ್ಲಿ ಹೆಬ್ಬೆರಳಿನಗಲ ಪಾಲಿಶ್ ಎದ್ದುಹೋಗಿದೆ, ಮುಂಭಾಗದಲ್ಲಿ ಗೀರುಗಳಿವೆ. ಕಾರುಗಳಿಗೆ ಬಣ್ಣ ಹೊಡೆಯುವ ಪರಿಚಯದ ಅಂಗಡಿಯವರು 1,800 ರೂಪಾಯಿ ಕೊಟ್ಟರೆ ಹೊಸದರಂತೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮಾಡಿಸಿ ಮಾರುವುದೋ, ಇದ್ದ ಹಾಗೆಯೇ ಮಾರುವುದೋ?
– ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಇದ್ದ ಹಾಗೆಯೇ ಮಾರಿ. ಬಣ್ಣ ಮಾತ್ರ ಹೊಡೆಸಬೇಡಿ.

ಮೊದಲು ಲೆಕ್ಕ ನೋಡಿ. ಈ ದರ್ಜೆಯ ಗಿಟಾರ್ ಚೆನ್ನಾಗಿ ನುಡಿಯುತ್ತಿದ್ದರೆ ಹೊಸದರ ಅರ್ಧ ಬೆಲೆಯ ಆಸುಪಾಸಿಗೆ ಹೋಗುತ್ತದೆ. ನೀವು ಹೇಳುವ ಗಾಯಗಳಿಗಾಗಿ ಕೊಳ್ಳುವವರು ಚೌಕಾಸಿ ಮಾಡಿದರೂ ಐದುನೂರು ರೂಪಾಯಿ ಇಳಿಸಿಯಾರು. ಅದನ್ನು ಉಳಿಸಿಕೊಳ್ಳಲು 1,800 ಸುರಿಯುವುದು ಯಾವ ನ್ಯಾಯ?

ಹಣಕ್ಕಿಂತ ದೊಡ್ಡ ಕಾರಣ ನಾದ. ಗಿಟಾರಿನ ಮುಂಭಾಗದ ತೆಳು ಹಲಗೆ ಕಂಪಿಸಿದರೇ ಸ್ವರ ಹೊಮ್ಮುವುದು. ಅದರ ಮೇಲೆ ಪುಟ್ಟಿ ಮೆತ್ತಿ, ಕಾರಿನ ಬಣ್ಣವನ್ನು ಎರಡು ಮೂರು ಸಲ ಹೊಡೆದರೆ ಹಲಗೆ ಭಾರವಾಗಿ ದನಿ ಮಂಕಾಗುತ್ತದೆ. ಸಾಲದ್ದಕ್ಕೆ, ಹೊಸ ಬಣ್ಣ ಕಂಡ ಕೂಡಲೇ ತಿಳಿದವರು ‘ಇದರಡಿ ಏನು ಬಿರುಕು ಮುಚ್ಚಿದ್ದಾರೋ’ ಎಂದೇ ಅನುಮಾನಿಸುತ್ತಾರೆ. ಕಣ್ಣಿಗೆ ಕಾಣುವ ಗೀರಿಗೆ ಯಾರೂ ಹೆದರುವುದಿಲ್ಲ.

ನನಗೆ ಚಿಂತೆ ಇರುವುದು ನೀವು ಬರೆಯದೆ ಬಿಟ್ಟ ವಿಷಯದ ಬಗ್ಗೆ. ಆರೂ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಬ್ರಿಜ್ ಅನ್ನು, ಅಂದರೆ ತಂತಿಗಳ ತುದಿ ಹಿಡಿದಿಡಲು ಮುಂಭಾಗದ ಹಲಗೆಗೆ ಅಂಟಿಸಿದ ಮರದ ತುಂಡನ್ನು, ಎಳೆಯುತ್ತಿರುತ್ತವೆ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟ ಅಥವಾ ಕಾರಿನೊಳಗೆ ಬಿಟ್ಟುಹೋದ ಗಿಟಾರಿನಲ್ಲಿ ಅಂಟು ಮೆತ್ತಗಾಗಿ ಬ್ರಿಜ್‌ನ ಹಿಂಬದಿ ಮೆಲ್ಲಗೆ ಮೇಲೇಳುತ್ತದೆ. ಒಂದು ಹಾಳೆಯ ಅಂಚನ್ನು ಅದರ ಅಡಿಗೆ ನೂಕಿ ನೋಡಿ. ಎಲ್ಲೂ ಒಳಗೆ ಹೋಗದಿದ್ದರೆ ನಿಶ್ಚಿಂತೆಯಿಂದಿರಿ. ಎರಡು ಮೂರು ಮಿಲಿಮೀಟರ್ ನುಸುಳಿತೆಂದರೆ ತಂತಿಗಳನ್ನು ಸಡಿಲಿಸಿ, ಗಿಟಾರ್ ಕೆಲಸ ಬಲ್ಲವರಿಂದಲೇ ಅಂಟು ಹಾಕಿಸಿ. ನಿಮ್ಮ 1,800 ರೂಪಾಯಿಗೆ ಅರ್ಹವಾದ ದುರಸ್ತಿ ಇದೊಂದೇ.

ಆ ಗೀರುಗಳಲ್ಲಿ ಯಾವುದಾದರೂ ಬಿರುಕೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ನಡುವಿನ ರಂಧ್ರದೊಳಗೆ ಹಿಡಿದು ಹೊರಗಿನಿಂದ ನೋಡಿ. ಗೆರೆಯುದ್ದಕ್ಕೂ ಬೆಳಕು ಇಣುಕಿದರೆ ಅಥವಾ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಎರಡು ಬದಿ ಮೇಲೆ ಕೆಳಗೆ ಆಡಿದರೆ ಅದು ಮರಕ್ಕೇ ಆದ ಬಿರುಕು. ಅದನ್ನು ಸರಿಪಡಿಸಿ, ಇಲ್ಲವೇ ಬಾಯಿಬಿಟ್ಟು ಹೇಳಿ ಮಾರಬೇಕು. ಉಗುರಿಗೆ ಮಾತ್ರ ತಾಕುವ ಗೀರನ್ನು ಮರೆತುಬಿಡಿ.

ಇನ್ನು ಕುತ್ತಿಗೆಯ ಅಂಚಿನುದ್ದಕ್ಕೂ ಬೆರಳಾಡಿಸಿ. ನಮ್ಮ ಕಡೆಯ ಒಣಹವೆಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಹೀಗಾಗಿ ಫ್ರೆಟ್‌ಗಳ, ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ತುದಿ ಹೊರಚಾಚಿ ಗರಗಸದಂತೆ ಕೈಗೆ ತರಚುತ್ತದೆ. ಕೊಳ್ಳಲು ಬಂದ ಹುಡುಗ ಗಿಟಾರನ್ನು ತೊಡೆಯ ಮೇಲಿಟ್ಟು ಮೊದಲ ಸ್ವರ ಹಿಡಿಯುವಾಗಲೇ ಅದು ತಿಳಿದುಬಿಡುತ್ತದೆ. ಅಂಚಿನಲ್ಲಿ ಎದ್ದ ಪಾಲಿಶ್ ಅವನ ಗಮನಕ್ಕೆ ಬರುವುದು ಆಮೇಲೆ. ತುದಿಗಳನ್ನು ಅರದಿಂದ ಉಜ್ಜಿಸುವುದು ಸಣ್ಣ ಕೆಲಸ. ಗಿಟಾರಿನ ತಲೆಯ ಕಡೆಯಿಂದ ಎಣಿಸಿ ಹನ್ನೆರಡನೇ ಫ್ರೆಟ್‌ನಿಂದ ಅತಿ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅಳೆಯಿರಿ. ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಕಲಿಯುವವರಿಗೆ ಹಿತ, ಮೂರೂವರೆ ದಾಟಿದರೆ ಬೆರಳು ನೋಯುತ್ತದೆ.

ಇಷ್ಟಾದ ಮೇಲೆ ಹೊಸ ತಂತಿ ಹಾಕಿಸಿ. ತುಕ್ಕು ಹಿಡಿದ ತಂತಿಯಲ್ಲಿ ಒಳ್ಳೆಯ ಗಿಟಾರ್ ಕೂಡ ಸತ್ತಂತೆ ಕೇಳಿಸುತ್ತದೆ. ಎದ್ದ ಪಾಲಿಶಿನ ಅಂಚು ಇನ್ನೂ ಚಕ್ಕೆ ಚಕ್ಕೆಯಾಗಿ ಕಳಚುತ್ತಿದ್ದರೆ ತೆಳುವಾದ ಸೂಪರ್ ಗ್ಲೂ ಒಂದು ಹನಿ ಇಟ್ಟು ನಿಲ್ಲಿಸಿ, ಬಣ್ಣ ಹೊಂದಿಸುವ ಗೋಜು ಬೇಡ. ಕಿಟಕಿಯ ಪಕ್ಕ ಓರೆಬೆಳಕಿನಲ್ಲಿಟ್ಟು ಗಾಯ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆಯಿರಿ, ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿರಲಿ. ಮೊದಲೇ ತೋರಿಸಿದ ಗೀರಿಗೆ ಮನೆ ಬಾಗಿಲಲ್ಲಿ ನಿಂತು ಬೆಲೆ ಇಳಿಸುವಂತೆ ಕೇಳುವುದು ಯಾರಿಗೂ ಸುಲಭವಲ್ಲ.

ದಶಕಗಳಷ್ಟು ಹಳೆಯ, ಹೆಸರಾಂತ ಕಂಪನಿಯ ದುಬಾರಿ ಗಿಟಾರ್ ಇರುವವರಿಗೂ ಇಲ್ಲೇ ಒಂದು ಮಾತು: ಮೂಲ ಪಾಲಿಶ್ ಎಷ್ಟೇ ಸವೆದಿರಲಿ, ಉಜ್ಜಿ ತೆಗೆಸಬೇಡಿ. ಸಂಗ್ರಹಕಾರರು ಬೆಲೆ ಕಟ್ಟುವುದು ಅದಕ್ಕೇ.

ಪ್ರಶ್ನೆ: ನನ್ನ ಗಿಟಾರಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದೆ. ಮಾರುವ ಮೊದಲು ಥಿನ್ನರ್ ಹಚ್ಚಿ ತೆಗೆಯಬಹುದೇ?
– ವಿದ್ಯಾರ್ಥಿ, ಗಂಗಾವತಿ

ಉತ್ತರ: ಥಿನ್ನರ್ ಖಂಡಿತ ಬೇಡ. ಕೆಲವು ಪಾಲಿಶ್‌ಗಳು ಅದರಲ್ಲಿ ಕರಗಿಹೋಗುತ್ತವೆ, ಅಂಚಿನ ಪ್ಲಾಸ್ಟಿಕ್ ಪಟ್ಟಿಯೂ ಹಾಳಾಗಬಹುದು. ಕೂದಲು ಒಣಗಿಸುವ ಡ್ರೈಯರಿನಿಂದ ಸ್ಟಿಕ್ಕರನ್ನು ಬೆಚ್ಚಗೆ ಮಾಡಿ, ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಿರಿ. ಉಳಿದ ಅಂಟಿಗೆ ಸಿಗರೇಟ್ ಲೈಟರಿಗೆ ತುಂಬುವ ದ್ರವವನ್ನು ಹತ್ತಿಗೆ ತುಸು ಹಚ್ಚಿ ಒರೆಸಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಆ ಹೊತ್ತು ಹತ್ತಿರ ಬೆಂಕಿ ಇರಕೂಡದು. ಸ್ಟಿಕ್ಕರ್ ಇದ್ದ ಜಾಗದ ಬಣ್ಣ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣಬಹುದು. ಅದನ್ನು ಹಾಗೆಯೇ ಬಿಟ್ಟು, ಫೋಟೊದಲ್ಲಿ ತೋರಿಸಿ.