ಸಣ್ಣ ಕಾಲೇಜಿನ ಕೋಚ್‌ಗೆ ಐದು ಸ್ಟಾರ್ ಹುಡುಗ ಏಕೆ ದಕ್ಕುವುದಿಲ್ಲ?

ಪ್ರಶ್ನೆ: ‘ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25’ ಎಂಬ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಆಟದಲ್ಲಿ, ಕೋಚ್ ಆಗಿ ಸೀಸನ್‌ನಿಂದ ಸೀಸನ್‌ಗೆ ತಂಡ ಕಟ್ಟುವ ‘ಡೈನಾಸ್ಟಿ’ ವಿಭಾಗದಲ್ಲಿ, ನಾನಿರುವ ಊರಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಕೆಂಟ್ ಸ್ಟೇಟ್ ತಂಡದ ಕೋಚ್ ಆಗಿದ್ದೇನೆ. ಎರಡು ಸೀಸನ್‌ಗಳಲ್ಲೂ ಪಟ್ಟಿಯ ತುದಿಯಲ್ಲಿರುವ ನಾಲ್ಕು, ಐದು ಸ್ಟಾರ್‌ಗಳ (ಆಟಗಾರನ ಮಟ್ಟಕ್ಕೆ ಐದರವರೆಗೆ ಸ್ಟಾರ್) ಹುಡುಗರ ಮೇಲೆ, ಮನವೊಲಿಸಲು ಆಟವು ವಾರವಾರ ಕೊಡುವ ನನ್ನ ಪಾಲಿನ ಗಂಟೆಗಳನ್ನೆಲ್ಲ ಸುರಿದೆ. ಒಬ್ಬನೂ ಬರಲಿಲ್ಲ, ಬಹುತೇಕರು ಓಹಾಯೋ ಸ್ಟೇಟ್ ಎಂಬ ದೊಡ್ಡ ಕಾಲೇಜನ್ನು ಸೇರಿದರು. ನಾನು ಎಡವುತ್ತಿರುವುದು ಎಲ್ಲಿ?
– ಓದುಗರೊಬ್ಬರು, ಕ್ಲೀವ್‌ಲ್ಯಾಂಡ್, ಅಮೆರಿಕ

ಉತ್ತರ: ತಾವು ಎಡವಿರುವುದು ಗಂಟೆಗಳನ್ನು ಖರ್ಚು ಮಾಡುವಾಗಲ್ಲ, ಅದಕ್ಕೂ ಮೊದಲು ಹುಡುಗರ ಪಟ್ಟಿ ಮಾಡುವಾಗ. ಬೇಕಾದ ಹುಡುಗರ ಹೆಸರನ್ನು ಸೇರಿಸಿಕೊಳ್ಳುವ ತಮ್ಮ ಬೋರ್ಡಿನಲ್ಲಿ 35 ಹೆಸರುಗಳಿಗೆ ಮಾತ್ರ ಜಾಗವಿದೆ. ವಾರಕ್ಕೆ ಸಿಗುವ ಗಂಟೆಗಳೂ ಕಾಲೇಜಿನ ಪ್ರತಿಷ್ಠೆಗೆ ತಕ್ಕಷ್ಟೇ ಆಗಿರುವುದರಿಂದ, ದೊಡ್ಡ ಕಾಲೇಜುಗಳ ಜೊತೆ ಗಂಟೆಗೆ ಗಂಟೆ ಹಾಕಿ ಪೈಪೋಟಿ ನಡೆಸುವುದು ಕೆಂಟ್ ಸ್ಟೇಟ್‌ನಂಥ ತಂಡಕ್ಕೆ ಎಂದಿಗೂ ಲಾಭದ ವ್ಯವಹಾರವಲ್ಲ.

ಆದ್ದರಿಂದ ಹುಡುಗನ ಸ್ಟಾರ್ ಎಷ್ಟೆಂದು ನೋಡುವ ಮೊದಲು ಅವನಿಗೆ ಏನು ಬೇಕೆಂದು ನೋಡಿ. ಆಟವು ಪ್ರತಿ ಕಾಲೇಜಿಗೂ ಹದಿನಾಲ್ಕು ವಿಷಯಗಳಲ್ಲಿ ಗ್ರೇಡ್ ಕೊಡುತ್ತದೆ: ಆಡುವ ಅವಕಾಶ, ಮನೆಗೆ ಎಷ್ಟು ಹತ್ತಿರ, ಓದಿನ ಹೆಸರು, ಕೋಚ್ ಎಷ್ಟು ಕಾಲ ನಿಲ್ಲುವನೆಂಬ ಭರವಸೆ, ಕ್ರೀಡಾಂಗಣದ ಅಬ್ಬರ, ಚಾಂಪಿಯನ್ ಆಗುವ ಸಾಧ್ಯತೆ, ಹೀಗೆ. ಇವುಗಳಲ್ಲಿ ಮೂರು ಪ್ರತಿಯೊಬ್ಬ ಹುಡುಗನಿಗೂ ಮುಖ್ಯ. ಜೊತೆಗೆ ‘ಡೀಲ್‌ಬ್ರೇಕರ್’ ಎಂಬ ಒಂದು ಷರತ್ತೂ ಇರುತ್ತದೆ. ಆ ವಿಷಯದಲ್ಲಿ ತಮ್ಮ ಗ್ರೇಡ್ ಅವನು ಕೇಳಿದ್ದಕ್ಕಿಂತ ಕೆಳಗಿದ್ದರೆ ಎಷ್ಟು ಗಂಟೆ ಸುರಿದರೂ ನೀರಿನಲ್ಲಿ ಹೋಮ. ಕ್ರೀಡಾಂಗಣದ ಅಬ್ಬರವನ್ನೋ ಚಾಂಪಿಯನ್ ಪಟ್ಟವನ್ನೋ ಬಯಸುವವನನ್ನು ಓಹಾಯೋ ಸ್ಟೇಟ್‌ಗೇ ಬಿಟ್ಟುಕೊಡಿ. ಮೊದಲ ವರ್ಷದಿಂದಲೇ ಆಡಬೇಕು, ಮನೆಯಿಂದ ದೂರ ಹೋಗಬಾರದು ಎನ್ನುವ ಮೂರು ಸ್ಟಾರ್ ಹುಡುಗನಿಗೆ ಮಾತ್ರ ತಮ್ಮ ಕಾಲೇಜು ದೊಡ್ಡ ಕಾಲೇಜೇ.

ಇನ್ನು ಗಂಟೆಗಳ ಲೆಕ್ಕ. ಸ್ಕಾಲರ್‌ಶಿಪ್ ಕೊಡುತ್ತೇನೆಂದು ಹೇಳುವುದಕ್ಕೆ 5 ಗಂಟೆ ಸಾಕು. ಇದಕ್ಕಿಂತ ಅಗ್ಗದ ಹೆಜ್ಜೆ ಮತ್ತೊಂದಿಲ್ಲವಾದ್ದರಿಂದ, ಬೇಕೆನಿಸಿದವರಿಗೆಲ್ಲ ಸೀಸನ್ ಆರಂಭವಾಗುವ ಮುನ್ನವೇ ಇದನ್ನು ಮುಗಿಸಿಬಿಡುವುದು ಲೇಸು. ಅಲ್ಲಿಂದ ಮುಂದೆ ಆತನಿಗೆ ನೇರವಾಗಿ ಸಂದೇಶ ಕಳಿಸಲು 10 ಗಂಟೆ, ಗೆಳೆಯರನ್ನೂ ಮನೆಯವರನ್ನೂ ಮಾತನಾಡಿಸಲು 25 ಗಂಟೆ, ‘ಸೆಂಡ್ ದ ಹೌಸ್’ ಎಂಬ ಸಕಲ ಸನ್ನಾಹಕ್ಕೆ 50 ಗಂಟೆ ತಗಲುತ್ತದೆ. ಹೊಸಬರು ಸಾಮಾನ್ಯವಾಗಿ ಈ ಕೊನೆಯದನ್ನೇ ನಾಲ್ಕೈದು ಜನರ ಮೇಲೆ ವಾರವಾರವೂ ಹೂಡಿ, ಉಳಿದ ಮೂವತ್ತು ಹೆಸರುಗಳನ್ನು ಒಣಗಲು ಬಿಡುತ್ತಾರೆ. ತಮ್ಮ ಎರಡು ಸೀಸನ್‌ಗಳ ಕಥೆಯೂ ಇದೇ ಇರಬೇಕೆಂದು ನನ್ನ ಊಹೆ.

ಮೊದಲ ವಾರಗಳಲ್ಲಿ ಸಂದೇಶ ಮತ್ತು ಮನೆಯವರ ಮಾತುಕತೆಗಳೇ ಹೆಚ್ಚು ಉಪಯುಕ್ತ, ಏಕೆಂದರೆ ಅವು ತಮ್ಮ ಪ್ರಭಾವವನ್ನು ಹೆಚ್ಚಿಸುವುದರ ಜೊತೆಗೆ ಹುಡುಗನಿಗೆ ಮುಖ್ಯವಾದ ಆ ಮೂರು ವಿಷಯಗಳು ಯಾವುವೆಂಬುದನ್ನೂ ಒಂದೊಂದಾಗಿ ಹೊರಗೆಡಹುತ್ತವೆ. ಅವನು ಕಾಲೇಜುಗಳ ಪಟ್ಟಿಯನ್ನು ಕಿರಿದುಮಾಡಿಕೊಂಡು ತಮ್ಮ ಮಾತು ಕೇಳುವ ಹಂತಕ್ಕೆ ಬಂದಾಗ, ಮೂರೂ ವಿಷಯಗಳಲ್ಲಿ ತಮ್ಮ ಗ್ರೇಡ್ ಚೆನ್ನಾಗಿದ್ದರೆ ಅವನ್ನೇ ಮುಂದಿಟ್ಟು ಕಾಲೇಜಿನ ಪರ ಬಲವಾಗಿ ವಾದಿಸುವ 40 ಗಂಟೆಯ ‘ಹಾರ್ಡ್ ಸೆಲ್’ ಬಳಸಿ. ಹಾಗೆ ಪೂರ್ತಿ ಹೊಂದಿಕೆಯಾದಾಗ ಅದು 50 ಗಂಟೆಯ ಸಕಲ ಸನ್ನಾಹಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಹೊಂದಿಕೆ ಅರೆಬರೆಯಾಗಿದ್ದರೆ 20 ಗಂಟೆಯ ‘ಸಾಫ್ಟ್ ಸೆಲ್’ ಸಾಕು. ಹುಡುಗನ ಆಸೆಯನ್ನೇ ಬದಲಿಸಲು ಹೊರಡುವ ‘ಸ್ವೇ’ ತಮ್ಮಂಥ ಸಣ್ಣ ತಂಡಕ್ಕೆ ದುಬಾರಿ ಎಂಬುದು ನನ್ನ ಅಭಿಪ್ರಾಯ. ಆ 30 ಗಂಟೆಗಳನ್ನು ಈಗಾಗಲೇ ತಮ್ಮತ್ತ ವಾಲಿರುವ ಇನ್ನೊಬ್ಬನಿಗೆ ಕೊಡಬಹುದು.

ಸ್ಕೌಟಿಂಗ್, ಅಂದರೆ ಹುಡುಗರ ನಿಜವಾದ ಸಾಮರ್ಥ್ಯವನ್ನು ಪರೀಕ್ಷಿಸುವ ಬಗ್ಗೆ ತಾವು ಏನನ್ನೂ ಬರೆದಿಲ್ಲ; ಬಹುಶಃ ಮಾಡಿಯೇ ಇಲ್ಲ. ಆಟದಲ್ಲಿ ಸ್ಟಾರ್‌ಗಳು ಹೇಳುವುದು ಅರ್ಧ ಸತ್ಯ. ಪರೀಕ್ಷಿಸಿ ನೋಡಿದಾಗ ಕೆಲವರ ಹೆಸರಿನ ಮುಂದೆ ಹಸಿರು ಹರಳು ಮೂಡುತ್ತದೆ, ಅಂದರೆ ಅವನು ತನ್ನ ಸ್ಟಾರ್‌ಗಳು ಹೇಳುವುದಕ್ಕಿಂತ ಮೇಲಿನವನು. ಕೆಲವರ ಮುಂದೆ ಕೆಂಪು ಗುರುತು ಕಾಣಿಸಿ ಬಣ್ಣ ಬಯಲಾಗುತ್ತದೆ. ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದ, ಹಸಿರು ಹರಳಿರುವ ಮೂರು ಸ್ಟಾರ್ ಹುಡುಗನೇ ತಮ್ಮ ನಿಜವಾದ ಬೇಟೆ. ಇದು ಆಟಕ್ಕಷ್ಟೇ ಸೀಮಿತವಾದ ತಂತ್ರವೆಂದು ತಿಳಿಯಬೇಡಿ. ಜೇಮ್ಸ್ ಹ್ಯಾರಿಸನ್ ಕೆಂಟ್‌ಗೆ ಕೂಗಳತೆಯ ಆಕ್ರಾನ್ ಊರಿನವರು. ಸ್ಕಾಲರ್‌ಶಿಪ್ ಇಲ್ಲದೆಯೇ ಕೆಂಟ್ ಸ್ಟೇಟ್ ತಂಡ ಸೇರಿದ ಅವರನ್ನು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲೂ ಯಾರೂ ಆರಿಸಲಿಲ್ಲ, ಆದರೂ 2008ರಲ್ಲಿ ಅವರು ಆ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರೆನಿಸಿದರು. ಕೆಂಟ್ ಸ್ಟೇಟ್‌ನಲ್ಲೇ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೂಲಿಯನ್ ಎಡೆಲ್‌ಮನ್ ಡ್ರಾಫ್ಟ್‌ನ ಕೊನೆಯದಾದ ಏಳನೆಯ ಸುತ್ತಿನಲ್ಲಿ ಆಯ್ಕೆಯಾಗಿ, ಚೆಂಡು ಹಿಡಿಯುವ ರಿಸೀವರ್ ಸ್ಥಾನಕ್ಕೆ ಬದಲಾಗಿ, ಆ ಲೀಗಿನ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 2019ರ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು.

ಕ್ಯಾಂಪಸ್ ಭೇಟಿಗೆ ಕರೆಯುವಾಗ ಎರಡು ಎಚ್ಚರಿಕೆಗಳಿರಲಿ. ಗೆಲ್ಲುವ ಭರವಸೆಯಿರುವ ತವರಿನ ಪಂದ್ಯದ ವಾರವನ್ನೇ ಆರಿಸಿ. ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್‌ನಂಥ ಪರಸ್ಪರ ಪೂರಕ ಸ್ಥಾನದವರನ್ನು ಒಟ್ಟಿಗೆ ಕರೆದರೆ ಇಬ್ಬರ ಮೇಲೂ ಒಳ್ಳೆಯ ಪರಿಣಾಮವಾಗುತ್ತದೆ. ಒಂದೇ ಸ್ಥಾನಕ್ಕೆ ಆಸೆಪಡುವ ಇಬ್ಬರನ್ನು ಒಂದೇ ವಾರ ಕರೆಯುವುದೆಂದರೆ ಒಬ್ಬ ಹುಡುಗಿಯನ್ನು ನೋಡಲು ಎರಡು ಗಂಡಿನ ಕಡೆಯವರನ್ನು ಒಂದೇ ಹೊತ್ತಿಗೆ ಬರಹೇಳಿದಂತೆ.

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳು ಆಟಗಾರರನ್ನು ನಮ್ಮ ಐಪಿಎಲ್ ಹರಾಜಿನಂತೆ ಹಣ ಕೊಟ್ಟು ಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹರಾಜಿನಂತೆ ಕೊಳ್ಳುವಂತಿಲ್ಲ. ಐಪಿಎಲ್‌ನಲ್ಲಿ ತಂಡವು ಆಟಗಾರನನ್ನು ಆರಿಸುತ್ತದೆ; ಇಲ್ಲಿ ಶಾಲೆ ಮುಗಿಸುತ್ತಿರುವ ಹುಡುಗನೇ ಕಾಲೇಜನ್ನು ಆರಿಸುತ್ತಾನೆ. ಬಹುಕಾಲ ಕಾಲೇಜು ಕೊಡಬಹುದಾಗಿದ್ದುದು ಸ್ಕಾಲರ್‌ಶಿಪ್ ಮತ್ತು ಅದರ ಸುತ್ತಲಿನ ಸೌಲಭ್ಯಗಳನ್ನು ಮಾತ್ರ. ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಆಟಗಾರರಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ಕಾಲೇಜುಗಳೇ ನೇರವಾಗಿ ಹಣ ಹಂಚಲು ಅವಕಾಶವಾದದ್ದು 2025ರಲ್ಲಿ. 2013ರ ನಂತರ ನಿಂತುಹೋಗಿದ್ದ ಈ ವಿಡಿಯೊ ಆಟಗಳ ಸರಣಿ ಹನ್ನೊಂದು ವರ್ಷಗಳ ಬಳಿಕ, 2024ರಲ್ಲಿ ಮರಳಲು ದಾರಿಯಾದದ್ದೂ 2021ರ ಆ ಬದಲಾವಣೆಯಿಂದಲೇ. ತಮ್ಮ ಹೆಸರು ಬಳಸಲು ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಆಟದ ಒಂದು ಪ್ರತಿ ದೊರೆಯಿತು. ವಿಚಿತ್ರವೆಂದರೆ, 2024ರ ಆ ಆಟದೊಳಗಿನ ಕೋಚ್ ಮಾತ್ರ ಹುಡುಗರ ಮನವೊಲಿಸಲು ಒಂದು ಡಾಲರನ್ನೂ ಬಿಚ್ಚುವಂತಿಲ್ಲ. ಅವನ ಜೇಬಿನಲ್ಲಿರುವುದು ಗಂಟೆಗಳು ಮಾತ್ರ.