ಒಂದು ತುದಿ ಕಿರಿದಾಗಿ ಕತ್ತರಿಸಿದ ಇಸ್ಪೀಟ್ ಎಲೆಗಳಿಂದ ಸಿಕ್ಕಿಬೀಳದೆ ಜಾದೂ ಮಾಡುವುದು ಹೇಗೆ?

ಜಾತ್ರೆಯ ಅಂಗಡಿಯಲ್ಲಿ ಕೊಂಡ ‘ಮ್ಯಾಜಿಕ್ ಕಾರ್ಡ್’ ಕಟ್ಟಿನ ಎಲೆಗಳು ಒಂದು ತುದಿಯಲ್ಲಿ ತುಸು ಕಿರಿದಾಗಿವೆ ಎಂದೂ, ಅದರಿಂದ ಮನೆಯವರ ಮುಂದೆ ಆಟ ತೋರಿಸಲು ಹೋಗಿ ಎರಡು ಸಲ ಸಿಕ್ಕಿಬಿದ್ದಿರೆಂದೂ ಬರೆದಿದ್ದೀರಿ. ಅದನ್ನು ಬಳಸುವ ಸರಿಯಾದ ಕ್ರಮ ಯಾವುದು, ಕೈಚಳಕ ಕಲಿಯದೆ ಇಂಥ ಎಲೆಗಳನ್ನು ನಂಬುವುದು ಅಡ್ಡದಾರಿಯಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಸುಮಾರು ಇಪ್ಪತ್ತು ವರ್ಷಗಳಿಂದ ಮದುವೆಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಹೆಚ್ಚಾಗಿ ನಮ್ಮದೇ ಮನೆಯ ಜಗಲಿಯ ಮೇಲೆ ಎಲೆಗಳ ಜಾದೂ ತೋರಿಸುತ್ತ ಬಂದವನು ನಾನು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಅದು ಅಡ್ಡದಾರಿಯಲ್ಲ. ಕತ್ತರಿಸಿದ ಎಲೆ ನಿಮಗೆ ತಿಳಿಸುವುದು ಒಂದೇ ಸಂಗತಿಯನ್ನು, ಪ್ರೇಕ್ಷಕರು ಆರಿಸಿದ ಎಲೆ ಕಟ್ಟಿನಲ್ಲಿ ಎಲ್ಲಿದೆ ಎಂಬುದನ್ನು. ಅದಕ್ಕೆ ಮುಂಚೆ ಕಟ್ಟನ್ನು ಯಾವ ಗಳಿಗೆಯಲ್ಲಿ ತಿರುಗಿಸಬೇಕು, ಆಮೇಲೆ ಆ ಎಲೆಯನ್ನು ಹೇಗೆ ಬೆಳಕಿಗೆ ತರಬೇಕು ಎಂಬುದೆಲ್ಲ ನಿಮ್ಮ ಕೈಯ ಮತ್ತು ಮಾತಿನ ಕೆಲಸವೇ ಆಗಿ ಉಳಿಯುತ್ತದೆ. ನೀವು ಸಿಕ್ಕಿಬಿದ್ದದ್ದೂ ಆ ತಿರುಗಿಸುವ ಗಳಿಗೆಯಲ್ಲೇ ಇರಬೇಕೆಂದು ನನ್ನ ಊಹೆ.

ನಿಮ್ಮ ಕೈಯಲ್ಲಿರುವುದನ್ನು ಜಾದೂಗಾರರು ಸ್ಟ್ರಿಪ್ಪರ್ ಡೆಕ್ ಎನ್ನುತ್ತಾರೆ. ಪೋಕರ್ ಅಳತೆಯ ಸಾಮಾನ್ಯ ಎಲೆ ಸುಮಾರು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ ಇರುತ್ತದೆ. ಸ್ಟ್ರಿಪ್ಪರ್ ಕಟ್ಟಿನಲ್ಲಿ ಪ್ರತಿಯೊಂದು ಎಲೆಯ ಎರಡೂ ಉದ್ದದ ಅಂಚುಗಳನ್ನು ತುಸುವೇ ಓರೆಯಾಗಿ ಕತ್ತರಿಸಿರುತ್ತಾರೆ. ಒಂದು ತುದಿ ಇನ್ನೊಂದಕ್ಕಿಂತ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಕಿರಿದಾಗಿರುತ್ತದೆ. ಎಲ್ಲ ಎಲೆಗಳ ಕಿರಿದಾದ ತುದಿ ಒಂದೇ ಕಡೆಗಿದ್ದರೆ ಕಟ್ಟು ನುಣುಪಾಗಿಯೇ ಇರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅವುಗಳಲ್ಲಿ ಒಂದು ಎಲೆ ಮಾತ್ರ ತಿರುಗುಮುರುಗಾದರೆ, ಅದರ ಅಗಲವಾದ ತುದಿ ಉಳಿದ ಎಲೆಗಳ ಕಿರಿದಾದ ತುದಿಯ ನಡುವೆ ಬಂದು, ಎರಡೂ ಬದಿಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ಹೊರಚಾಚುತ್ತದೆ. ಹೆಬ್ಬೆರಳು ಮತ್ತು ನಡುಬೆರಳಿನಿಂದ ಆ ತುದಿಯ ಎರಡು ಬದಿಗಳನ್ನು ಹಗುರವಾಗಿ ಹಿಡಿದು ಹೊರಕ್ಕೆ ಎಳೆದರೆ, ಉಳಿದ ಎಲೆಗಳು ಬೆರಳಿನಿಂದ ಜಾರಿಹೋಗಿ ಆ ಒಂದು ಎಲೆ ಮಾತ್ರ ಕೈಗೆ ಬರುತ್ತದೆ. ಎಳೆಯುವ ದಿಕ್ಕು ಕಿರಿದಾದ ತುದಿಯ ಕಡೆಗೇ ಇರಬೇಕು. ಹೊಸಬರು ಇದನ್ನು ಮರೆತು ಅಗಲದ ತುದಿಯಲ್ಲಿ ಹುಡುಕುತ್ತಾರೆ. ಅಲ್ಲಿ ಆರಿಸಿದ ಎಲೆ ಒಳಕ್ಕೆ ಅಡಗಿರುವುದರಿಂದ ಏನೂ ಸಿಗುವುದಿಲ್ಲ, ಬೆರಳಿನ ಒತ್ತಡ ಹೆಚ್ಚುತ್ತ ಹೋಗಿ ನೋಡುವವರಿಗೆ ಅನುಮಾನ ಬರುತ್ತದೆ.

ಈ ಉಪಾಯ ಹಳೆಯದು, ಮತ್ತು ಜೂಜಿನ ಮೋಸಗಾರರೂ ಇದನ್ನು ಬಲ್ಲವರಾಗಿದ್ದರು. ಫ್ರಾನ್ಸಿನ ಪ್ರಸಿದ್ಧ ಜಾದೂಗಾರ ರಾಬರ್ಟ್ ಹೂಡಿನ್, ಇಸ್ಪೀಟ್ ಮೇಜಿನ ವಂಚಕರ ತಂತ್ರಗಳನ್ನು ಬಯಲು ಮಾಡಲೆಂದೇ 1861ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಓರೆಯಾಗಿ ಕತ್ತರಿಸಿದ ಎಲೆಗಳ ವಿಚಾರವಿದೆ. (ಬಿಡುಗಡೆಯ ಸಾಹಸಗಳಿಗೆ ಹೆಸರಾದ ಹೂಡಿನಿ ತನ್ನ ರಂಗನಾಮವನ್ನು ಪಡೆದದ್ದು ಈತನ ಹೆಸರಿನಿಂದಲೇ.) ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನು ಮೊದಲ ಬಾರಿ ನೋಡಿದಾಗ ನನಗೆ ತಕ್ಷಣ ಹೊಳೆದದ್ದೂ ಇದೇ ವಿಷಯ. ಅವುಗಳಲ್ಲಿ ಹೆಚ್ಚಿನವು ದುಂಡಗಿನ ಎಲೆಗಳು. ದುಂಡಗಿನ ಎಲೆಗೆ ತಲೆ-ಬುಡ ಎಂಬುದಿಲ್ಲದ ಕಾರಣ ಅದನ್ನು ಎಷ್ಟು ಸಲ ತಿರುಗಿಸಿದರೂ ಅದು ಇದ್ದಂತೆಯೇ ಇರುತ್ತದೆ. ಸ್ಟ್ರಿಪ್ಪರ್ ಎಂಬ ಉಪಾಯ ನಿಂತಿರುವುದೇ ಉದ್ದನೆಯ ಚೌಕದ ಎಲೆಗೆ ಎರಡು ತುದಿಗಳಿವೆ ಎಂಬುದರ ಮೇಲೆ.

ಈಗ ತಿರುಗಿಸುವ ಗಳಿಗೆಗೆ ಬರೋಣ. ಸಾಮಾನ್ಯ ಕ್ರಮ ಹೀಗಿದೆ. ಎಲೆಗಳನ್ನು ಬೀಸಣಿಗೆಯಂತೆ ಹರಡಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತೀರಿ. ಅವರು ಅದನ್ನು ನೋಡಿ ಪಕ್ಕದವರಿಗೆ ತೋರಿಸುತ್ತಿರುವಾಗ ನೀವು ಕಟ್ಟನ್ನು ಮುಚ್ಚಿ ತುದಿ ಬದಲಿಸುತ್ತೀರಿ. ಅವರು ಎಲೆಯನ್ನು ಮರಳಿ ಸೇರಿಸಿದಾಗ ಅದೊಂದೇ ತಿರುಗುಮುರುಗಾಗಿ ಕೂರುತ್ತದೆ. ಹೆಚ್ಚಿನವರು ಇಲ್ಲಿ ಮಾಡುವ ತಪ್ಪೆಂದರೆ, ಕಟ್ಟನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಚಕ್ರದ ಹಾಗೆ ತಿರುಗಿಸುವುದು. ಆ ಚಲನೆಗೆ ಬೇರೆ ಯಾವ ಕಾರಣವೂ ಇಲ್ಲದ್ದರಿಂದ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಮಾಡುವುದು ಇಷ್ಟೇ. ಕಟ್ಟನ್ನು ಬಲಗೈಯಲ್ಲಿ ಹಿಡಿದು ಆ ಕೈಯನ್ನು ಮಡಿಲಿಗೆ ಇಳಿಸುತ್ತೇನೆ, ‘ಪಕ್ಕದವರಿಗೂ ತೋರಿಸಿ, ನನಗೆ ಮಾತ್ರ ಕಾಣಬಾರದು’ ಎನ್ನುತ್ತ ಮುಖ ಪಕ್ಕಕ್ಕೆ ತಿರುಗಿಸುತ್ತೇನೆ, ಮತ್ತೆ ಕೈ ಮೇಲೆತ್ತುವಾಗ ಕಟ್ಟನ್ನು ಎಡಗೈಗೆ ದಾಟಿಸುತ್ತೇನೆ. ಬಲಗೈಯ ಮಣಿಕಟ್ಟು ಸಹಜವಾಗಿ ಒಳಕ್ಕೆ ಮಡಿದಾಗ ಕಟ್ಟಿನ ಮುಂದಿನ ತುದಿ ನನ್ನ ಕಡೆಗೆ ಬಂದಿರುತ್ತದೆ. ಪ್ರೇಕ್ಷಕರ ಕಣ್ಣು ಆಗ ಅವರ ಕೈಯಲ್ಲಿರುವ ಎಲೆಯ ಮೇಲೆ ಇರುವುದರಿಂದ ಅವಸರಪಡುವ ಅಗತ್ಯವೇ ಇಲ್ಲ.

ಆದರೆ ಆ ಹೊತ್ತಿನಲ್ಲಿ ನಿಮ್ಮ ಗಮನ ನಿಮ್ಮ ಕೈಯ ಮೇಲಲ್ಲ, ಅವರ ಕೈಯ ಮೇಲಿರಬೇಕು. ಇದನ್ನು ನಾನು ಕಲಿತದ್ದು ಒಂದು ಗೃಹಪ್ರವೇಶದ ಮನೆಯಲ್ಲಿ. ಊಟ ಮುಗಿಸಿ ನೆಂಟರೆಲ್ಲ ಹಜಾರದಲ್ಲಿ ಕುಳಿತಿದ್ದಾಗ ಸೋದರಮಾವನಿಗೆ ಎಲೆ ಆರಿಸಲು ಹೇಳಿದೆ. ಅವರು ಅದನ್ನು ನೋಡಿದರು, ಎದುರಿಗೆ ಕುಳಿತಿದ್ದ ಅತ್ತೆಗೆ ಕಾಣಲೆಂದು ಕೈಯಲ್ಲೇ ತಿರುಗಿಸಿ ಹಿಡಿದರು, ಹಾಗೆ ತಿರುಗಿದ ಎಲೆಯನ್ನೇ ತಂದು ಕಟ್ಟಿಗೆ ಸೇರಿಸಿದರು. ನಾನು ಅಷ್ಟರಲ್ಲಿ ಕಟ್ಟನ್ನೂ ತಿರುಗಿಸಿದ್ದೆ. ಎರಡು ತಿರುವು ಸೇರಿದರೆ ತಿರುವೇ ಇಲ್ಲದಂತೆ. ಆ ಎಲೆ ಉಳಿದ 51 ಎಲೆಗಳ ಜೊತೆ ಒಂದಾಗಿ ಕುಳಿತುಬಿಟ್ಟಿತು. ನಾನು ಮೂರು ಸಲ ತುದಿ ಎಳೆದರೂ ಏನೂ ಬರಲಿಲ್ಲ. ‘ಏನೋ, ನನ್ನ ಆಟೀನ್ ರಾಣಿ ಎಲ್ಲೋ?’ ಎಂದು ಮಾವ ಕೇಳಿದಾಗ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಎಲೆ ಅವರ ಕೈಗೆ ಹೋದ ಕ್ಷಣದಿಂದ ಮರಳಿ ಬರುವವರೆಗೆ ಅದು ಎಷ್ಟು ಸಲ ತಿರುಗಿತು ಎಂದು ಓರೆಗಣ್ಣಿನಿಂದ ನೋಡುತ್ತಲೇ ಇರುತ್ತೇನೆ. ಅವರೇ ಒಮ್ಮೆ ತಿರುಗಿಸಿದ್ದರೆ ನಾನು ಕಟ್ಟನ್ನು ಮುಟ್ಟುವುದೇ ಇಲ್ಲ, ಮತ್ತು ಆಟ ಅತ್ಯಂತ ಸೊಗಸಾಗಿ ನಡೆಯುವುದೂ ಆಗಲೇ, ಏಕೆಂದರೆ ನನ್ನ ಕಡೆಯಿಂದ ಯಾವ ಚಲನೆಯೂ ನಡೆದಿರುವುದಿಲ್ಲ.

ಎಲೆ ಸೇರಿದ ಮೇಲೆ ಕಟ್ಟನ್ನು ಅವರ ಕೈಗೇ ಕೊಟ್ಟು ಕಲಸಲು ಹೇಳಬಹುದು. ಸ್ಟ್ರಿಪ್ಪರ್ ಕಟ್ಟಿನ ದೊಡ್ಡ ಗುಣ ಇದೇ. ನಮ್ಮಲ್ಲಿ ಹೆಚ್ಚಿನವರು ಎಲೆಗಳನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕಂತುಕಂತಾಗಿ ಇಳಿಸಿ ಕಲಸುತ್ತಾರೆ, ಹಾಗೆ ಕಲಸಿದರೆ ತುದಿಗಳು ಬದಲಾಗುವುದಿಲ್ಲ. ಕಟ್ಟನ್ನು ಎರಡು ಭಾಗ ಮಾಡಿ ಮೂಲೆಗಳನ್ನು ಒಂದರೊಳಗೊಂದು ಸೇರಿಸುವವರು ಒಂದು ಭಾಗವನ್ನು ತಿರುಗಿಸಿಬಿಡುವ ಸಾಧ್ಯತೆ ಇದೆ. ಎಲೆಗಳನ್ನು ಚಾಪೆಯ ಮೇಲೆ ಹರಡಿ ಎರಡೂ ಕೈಗಳಿಂದ ಕಲಕುವ ಮಕ್ಕಳ ಕೈಗಂತೂ ಕೊಡಲೇಬಾರದು. ಕಟ್ಟು ಹಿಂತಿರುಗಿ ಬಂದ ಮೇಲೆ ತಕ್ಷಣ ಎಲೆಯನ್ನು ಎಳೆದು ತೋರಿಸಬೇಡಿ. ನಾನು ಅದನ್ನು ಬೆನ್ನ ಹಿಂದೆ ಹಿಡಿದು, ಆರಿಸಿದವರ ಊರು, ಹುಟ್ಟಿದ ತಿಂಗಳು ಏನಾದರೂ ಕೇಳಿ, ಎಲೆಯನ್ನು ಎಳೆದು ಕಟ್ಟಿನ ಮೇಲಿರಿಸಿ, ಕಟ್ಟನ್ನು ಮುಂದಕ್ಕೆ ತಂದು ಅವರ ಅಂಗೈ ಮೇಲೆ ಇಡುತ್ತೇನೆ. ಮೇಲಿನ ಎಲೆಯನ್ನು ಮಗುಚುವುದು ಅವರೇ. ಎಲೆ ಸಿಕ್ಕಿದ್ದು ನನ್ನ ಕೈಯಲ್ಲಿ ಎಂಬ ನೆನಪು ಆಗ ಅವರಿಗೆ ಉಳಿಯುವುದಿಲ್ಲ.

ಇದೇ ಕಟ್ಟಿನಿಂದ ಇನ್ನೊಂದು ಆಟವಿದೆ, ನನ್ನ ಅಭಿಪ್ರಾಯದಲ್ಲಿ ಅದು ಎಲೆ ಹುಡುಕುವ ಆಟಕ್ಕಿಂತ ಉತ್ತಮ. ಆಟೀನು ಮತ್ತು ಡೈಮನ್ನಿನ 26 ಕೆಂಪು ಎಲೆಗಳ ಕಿರಿದಾದ ತುದಿ ಒಂದು ಕಡೆಗೆ, ಇಸ್ಪೀಟು ಮತ್ತು ಕಳಾವರಿನ 26 ಕಪ್ಪು ಎಲೆಗಳದ್ದು ಇನ್ನೊಂದು ಕಡೆಗೆ ಇರುವಂತೆ ಮೊದಲೇ ಜೋಡಿಸಿಟ್ಟುಕೊಳ್ಳಿ. ಎಲೆಗಳನ್ನು ಚೆನ್ನಾಗಿ ಕಲಸಿ, ಹರಡಿ, ಕೆಂಪು-ಕಪ್ಪು ಬೆರೆತಿರುವುದನ್ನು ಎಲ್ಲರಿಗೂ ತೋರಿಸಿ. ನಂತರ ಎರಡೂ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಒಂದೇ ಎಳೆತಕ್ಕೆ ಬೇರ್ಪಡಿಸಿದರೆ ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ಕಪ್ಪು. ಎಳೆತ ಮೃದುವಾಗಿ, ಕಟ್ಟನ್ನು ಎರಡು ಭಾಗ ಮಾಡುವಷ್ಟೇ ಸಹಜವಾಗಿ ಇರಬೇಕು. ಕನ್ನಡಿಯ ಮುಂದೆ ಒಂದು ವಾರ ಅಭ್ಯಾಸ ಮಾಡಿದರೆ ಇದು ಕೈಗೆ ಹತ್ತುತ್ತದೆ. ಈ ಆಟವನ್ನು ಒಂದೇ ಮಂದಿಯ ಮುಂದೆ ಎರಡನೆಯ ಸಲ ತೋರಿಸಬೇಡಿ, ಎಷ್ಟೇ ಒತ್ತಾಯ ಮಾಡಿದರೂ ಸರಿ.

ಹೀಗಿದ್ದರೂ, ನೀವು ಮುಂದುವರಿಯಬೇಕೆಂದಿದ್ದರೆ ಇಡೀ ಕಟ್ಟಿಗಿಂತ ಒಂದೇ ಒಂದು ಗಿಡ್ಡ ಎಲೆಯನ್ನು ಅಭ್ಯಾಸ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಜಾದೂಗಾರರು ಶಾರ್ಟ್ ಕಾರ್ಡ್ ಎನ್ನುವ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸಾಮಾನ್ಯ ಕಟ್ಟಿನಿಂದ ಕಳಾವರ್ ಏಳರಂಥ, ಯಾರೂ ವಿಶೇಷವಾಗಿ ನೆನಪಿಡದ ಒಂದು ಎಲೆಯನ್ನು ತೆಗೆದುಕೊಂಡು, ಅದರ ಒಂದು ತುದಿಯಿಂದ ಅರ್ಧ ಅಥವಾ ಮುಕ್ಕಾಲು ಮಿಲಿಮೀಟರ್ ಮಾತ್ರ ಕತ್ತರಿಸಬೇಕು. ಕತ್ತರಿ ಬೇಡ, ಅದು ಅಂಚನ್ನು ಬಾಗಿಸುತ್ತದೆ. ಉಕ್ಕಿನ ಸ್ಕೇಲು ಒತ್ತಿಟ್ಟು ಹೊಸ ಬ್ಲೇಡಿನಿಂದ ಮೂರು ನಾಲ್ಕು ಸಲ ಹಗುರವಾಗಿ ಗೀರಿ ಬೇರ್ಪಡಿಸಿ. ಒಳ್ಳೆಯ ಎಲೆಗಳನ್ನು ಎರಡು ಪದರ ಕಾಗದದ ನಡುವೆ ಕಪ್ಪು ಅಂಟು ಹಾಕಿ, ಬೆಳಕು ತೂರದಂತೆ ಮಾಡಿರುತ್ತಾರೆ. ಮೊಂಡು ಬ್ಲೇಡು ಆ ಪದರಗಳನ್ನು ಸೀಳಿ ಅಂಚನ್ನು ಹಿಂಜುತ್ತದೆ. ಕತ್ತರಿಸಿದ ಮೇಲೆ ಎರಡು ಮೂಲೆಗಳು ಚೂಪಾಗಿರುತ್ತವೆ, ಅವನ್ನು ನೇಲ್ ಕಟರ್‌ನಿಂದ ಸ್ವಲ್ಪ ಸ್ವಲ್ಪವೇ ಕಡಿದು, ಉಗುರು ಉಜ್ಜುವ ಅರದಿಂದ ಉಳಿದ ಮೂಲೆಗಳಂತೆ ದುಂಡಗೆ ಮಾಡಿ. ನಾನು ಕೆಡಿಸಿದ ಎಲೆಗಳಲ್ಲಿ ಹೆಚ್ಚಿನವು ಕೆಟ್ಟದ್ದು ಈ ಮೂಲೆಗಳಲ್ಲೇ.

ಬಳಸುವ ಬಗೆ ಹೀಗೆ. ಗಿಡ್ಡ ಎಲೆಯನ್ನು ಕಟ್ಟಿನ ತಳದಲ್ಲಿಟ್ಟುಕೊಳ್ಳಿ. ಆರಿಸಿದ ಎಲೆಯನ್ನು ಕಟ್ಟಿನ ಮೇಲಿಡಲು ಹೇಳಿ, ಕಟ್ಟನ್ನು ಅವರಿಂದಲೇ ಒಮ್ಮೆ ಕತ್ತರಿಸಿ ಕೆಳಗಿನ ಭಾಗವನ್ನು ಮೇಲಿಡಿಸಿ. ಈಗ ಗಿಡ್ಡ ಎಲೆ ಆರಿಸಿದ ಎಲೆಯ ಮೇಲೆಯೇ ಕೂತಿದೆ. ಇನ್ನೂ ಎರಡು ಮೂರು ಸಲ ಹಾಗೆಯೇ ಕತ್ತರಿಸಿದರೂ ತೊಂದರೆಯಿಲ್ಲ. ಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ ಒಮ್ಮೆ ಕುಟ್ಟಿದರೆ ಗಿಡ್ಡ ಎಲೆ ಕೆಳಕ್ಕಿಳಿದು ಮೇಲಿನ ತುದಿಯಲ್ಲಿ ಅದರ ಜಾಗ ತಗ್ಗಾಗುತ್ತದೆ. ಆ ತುದಿಯನ್ನು ಹೆಬ್ಬೆರಳಿನಿಂದ ಎತ್ತಿ ತಳದಿಂದ ಒಂದೊಂದೇ ಎಲೆ ಬಿಡುತ್ತ ಬಂದರೆ, ಸರಸರ ಎನ್ನುತ್ತಿದ್ದ ಸದ್ದು ಒಂದೆಡೆ ‘ಟಕ್’ ಎಂದು ತಡೆಯುತ್ತದೆ. ಅಲ್ಲಿ ಕತ್ತರಿಸಿ. ಗಿಡ್ಡ ಎಲೆ ಮೇಲಕ್ಕೆ ಬರುತ್ತದೆ, ಅದರ ಕೆಳಗಿನದು ಅವರ ಎಲೆ. ಆಟ ಮುಗಿದು ಕಟ್ಟನ್ನು ಪರೀಕ್ಷಿಸಲು ಕೇಳಿದರೆ ಧೈರ್ಯವಾಗಿ ಕೊಡಬಹುದು. 52ರಲ್ಲಿ ಒಂದು ಎಲೆ ಕೂದಲೆಳೆಯಷ್ಟು ಗಿಡ್ಡವಿರುವುದನ್ನು ಕಂಡವರನ್ನು ನಾನು ಈವರೆಗೆ ನೋಡಿಲ್ಲ. ಸ್ಟ್ರಿಪ್ಪರ್ ಕಟ್ಟಿಗೆ ಈ ಅಭಯವಿಲ್ಲ. ದಿನವೂ ರಮ್ಮಿ ಆಡುವವರ ಬೆರಳಿಗೆ ಅದು ಬೇಗ ತಿಳಿಯುತ್ತದೆ.

ಅಂಗಡಿಗಳಲ್ಲಿ ಸಿಗುವ ಸ್ವೆಂಗಾಲಿ ಕಟ್ಟೂ ಇದೇ ವಂಶದ್ದು. 1894ರ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಬರುವ ಸಮ್ಮೋಹನಗಾರನ ಹೆಸರು ಅದಕ್ಕಿದೆ. ಅದರಲ್ಲಿ ಅರ್ಧದಷ್ಟು ಎಲೆಗಳು ಗಿಡ್ಡ, ಅವೆಲ್ಲವೂ ಒಂದೇ ಎಲೆಯ ಪ್ರತಿಗಳು, ಉದ್ದನೆಯ ಬೇರೆ ಬೇರೆ ಎಲೆಗಳ ನಡುವೆ ಒಂದು ಬಿಟ್ಟು ಒಂದರಂತೆ ಜೋಡಿಸಿರುತ್ತಾರೆ. ತುದಿಯನ್ನು ಸರಸರನೆ ಬಿಟ್ಟಾಗ ಎಲೆಗಳು ಜೋಡಿಜೋಡಿಯಾಗಿ ಬೀಳುವುದರಿಂದ ಗಿಡ್ಡ ಎಲೆಗಳು ಮರೆಯಲ್ಲುಳಿದು ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಎಲ್ಲಿ ‘ನಿಲ್ಲಿಸಿ’ ಎಂದರೂ ಸಿಗುವುದು ಅದೇ ಎಲೆ. ನೋಡಲು ಅದ್ಭುತ. ಆದರೆ ಅದನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲವಾದ್ದರಿಂದ ನಾನು ಅದನ್ನು ವೇದಿಕೆಗೆ ಮಾತ್ರ ಮೀಸಲಿಟ್ಟಿದ್ದೇನೆ.

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮದು ಮಲೆನಾಡು. ಆಷಾಢದ ತೇವಕ್ಕೆ ಕಾಗದದ ಎಲೆಗಳು ಉಬ್ಬಿ ಬಾಗುತ್ತವೆ, ಅಂಚುಗಳು ಒಂದಕ್ಕೊಂದು ಹೊಂದುವುದಿಲ್ಲ, ಅರ್ಧ ಮಿಲಿಮೀಟರಿನ ಉಬ್ಬು ಬೆರಳಿಗೆ ತಿಳಿಯದೇ ಹೋಗುತ್ತದೆ. ಕಟ್ಟನ್ನು ಎರಡು ಸಣ್ಣ ಹಲಗೆಗಳ ನಡುವೆ ರಬ್ಬರ್ ಬ್ಯಾಂಡ್ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹಲಗೆಯಿಲ್ಲದೆ ರಬ್ಬರ್ ಬ್ಯಾಂಡ್ ಹಾಕಿದರೆ ಅದು ಅಂಚನ್ನೇ ಕಚ್ಚಿ ಗುರುತು ಮಾಡುತ್ತದೆ. ಎಲೆಗಳ ಬೆನ್ನಿನ ಚಿತ್ರ ಎರಡೂ ತುದಿಗಳಿಂದ ಒಂದೇ ರೀತಿ ಕಾಣುವಂಥದ್ದೇ ಎಂದೂ ನೋಡಿಕೊಳ್ಳಿ. ಅಗ್ಗದ ಕಟ್ಟುಗಳಲ್ಲಿ ಕೆಲವೊಮ್ಮೆ ಬೆನ್ನಿಗೆ ಹೂವು, ಹಕ್ಕಿ ಅಥವಾ ಕಂಪನಿಯ ಗುರುತು ಒಂದೇ ದಿಕ್ಕಿಗೆ ಇರುತ್ತದೆ. ಅಂಥ ಕಟ್ಟಿನಲ್ಲಿ ತಿರುಗಿದ ಎಲೆಯನ್ನು ಎದುರಿಗಿರುವ ಮಗುವೂ ಬೆರಳಿಟ್ಟು ತೋರಿಸಬಲ್ಲದು. ನೀವು ಎರಡನೆಯ ಸಲ ಸಿಕ್ಕಿಬಿದ್ದದ್ದು ನಿಮ್ಮ ತಂಗಿಯ ಕಣ್ಣಿಗೆ ಎಂದು ಬರೆದಿದ್ದೀರಲ್ಲ, ಮೊದಲು ನಿಮ್ಮ ಎಲೆಗಳ ಬೆನ್ನನ್ನೇ ಪರೀಕ್ಷಿಸಿ.

ಹಣವಿಟ್ಟು ಆಡುವ ಜಾಗಕ್ಕೆ ಈ ಕಟ್ಟನ್ನು ತಮಾಷೆಗೂ ಒಯ್ಯಬೇಡಿ. ಜಾದೂ ನೋಡಲು ಕುಳಿತವರು ತಾವು ಬೆರಗಾಗಲೆಂದೇ ಕುಳಿತಿರುತ್ತಾರೆ, ಪಣ ಕಟ್ಟಿದವರು ಹಾಗಲ್ಲ. ನಮ್ಮ ಮನೆಯಲ್ಲಿ ರಮ್ಮಿ ಆಡುವ ಕಟ್ಟುಗಳೊಂದಿಗೆ ಬೆರೆಯಬಾರದೆಂದು ನನ್ನ ಸ್ಟ್ರಿಪ್ಪರ್ ಕಟ್ಟಿನ ಡಬ್ಬಿಗೆ ಕೆಂಪು ದಾರ ಸುತ್ತಿ, ಅದನ್ನು ಬೇರೆ ಕಪಾಟಿನಲ್ಲಿಡುತ್ತೇನೆ.