ಮುಳ್ಳಯ್ಯನಗಿರಿ ಪಶ್ಚಿಮ ಘಟ್ಟಗಳ ಅತಿ ಎತ್ತರದ ಶಿಖರವೇ?

ಅಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಇಡೀ ಘಟ್ಟಸಾಲಿನಲ್ಲಿ ಆ ಹಿರಿಮೆ ಕೇರಳದ ಆನೆಮುಡಿಯದು: 2,695 ಮೀಟರ್. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಇವೆರಡರ ನಡುವೆ ಪಾಲಕ್ಕಾಡಿನ ಬಳಿ ಘಟ್ಟಸಾಲೇ ತುಂಡಾಗಿದೆ. ಮಹಾರಾಷ್ಟ್ರದಲ್ಲಿ ಅತಿ ಎತ್ತರದ ಕಳಸೂಬಾಯಿಯೂ 1,646 ಮೀಟರ್ ಮಾತ್ರ.

ಆದರೆ ಮುಳ್ಳಯ್ಯನಗಿರಿಯನ್ನು ಎತ್ತರವೊಂದರಿಂದಲೇ ಅಳೆಯುವುದು ಅನ್ಯಾಯ. ಅದು ನಿಂತಿರುವ ಬಾಬಾಬುಡನ್‌ಗಿರಿ ಶ್ರೇಣಿ ಘಟ್ಟದ ಮುಖ್ಯ ಸಾಲಿನಿಂದ ಪೂರ್ವಕ್ಕೆ ಸರಿದು ಅರ್ಧಚಂದ್ರಾಕಾರವಾಗಿ ಬಾಗಿದೆ. ಚಂದ್ರದ್ರೋಣ ಪರ್ವತವೆಂದರೂ ಇದೇ. ಬಾಗಿನ ಒಡಲಲ್ಲಿ ಜಾಗರ ಕಣಿವೆಯಿದೆ, ಅಲ್ಲಿನ ಹಳ್ಳಗಳು ಭದ್ರೆಯನ್ನು ಸೇರುತ್ತವೆ. ನೆತ್ತಿಯಲ್ಲಿ ಹುಲ್ಲುಗಾವಲು, ಗಾಳಿ ತಾಗದ ಕೊರಕಲುಗಳಲ್ಲಿ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು. ಈ ನೆಲವೇ ಮುಂಗಾರಿನ ನೀರನ್ನು ಹೀರಿಕೊಂಡು, ಮಳೆ ನಿಂತ ಮೇಲೂ ನಿಧಾನವಾಗಿ ಹಳ್ಳಗಳಿಗೆ ಬಿಡುತ್ತದೆ.